ಅರ್ಜಿ ಹಾಕುವ ಮುಂಚೆ ಡಿಸೈನ್ ಯಾರದ್ದು? ಒಂದು ಕಾಫಿ ಫಿಲ್ಟರಿನ ಅಮೆರಿಕನ್ ಡಿಸೈನ್ ಪೇಟೆಂಟ್ ಪ್ರಕರಣ

ಬೆಂಗಳೂರಿನಲ್ಲಿ ಅಡುಗೆಮನೆ ಸಾಮಾನು ಮಾಡಿಸಿ ಮಾರುವ ಒಂದು ಸಣ್ಣ ಕಂಪನಿ. ಮಾಲೀಕರು ಮೈಸೂರು ಕಡೆಯವರು. ಅಮೆರಿಕದಲ್ಲಿರುವ ನಮ್ಮ ಜನ ಊರಿಗೆ ಬಂದಾಗ ಈಗಲೂ ಸೂಟ್‌ಕೇಸಿನಲ್ಲಿ ಸ್ಟೀಲಿನ ಕಾಫಿ ಫಿಲ್ಟರ್ ತುಂಬಿಕೊಂಡು ಹೋಗುತ್ತಾರೆ. ಅದನ್ನೇ ಹೊಸ ಆಕಾರದಲ್ಲಿ, ಚೆಂದವಾಗಿ ಮಾಡಿ ಅಲ್ಲೇ ಮಾರಿದರೆ ಹೇಗೆ ಅನ್ನೋದು ಅವರ ಯೋಚನೆ. ಆಕಾರ ರೂಪಿಸಿಕೊಟ್ಟವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಹುಬ್ಬಳ್ಳಿಯ ಹೆಣ್ಣುಮಗಳು, ವೃತ್ತಿಯಲ್ಲಿ ಪ್ರಾಡಕ್ಟ್ ಡಿಸೈನರ್. ಸ್ಯಾಂಪಲ್ ಮಾಡಿಕೊಟ್ಟವರು ಪೀಣ್ಯದಲ್ಲಿ ಲೋಹದ ತಗಡು ಒತ್ತಿ ಆಕಾರ ಕೊಡುವ ಪ್ರೆಸ್ ಶಾಪ್ ಇಟ್ಟುಕೊಂಡಿರುವ ಒಬ್ಬ ಯಜಮಾನರು. ಅಮೆರಿಕದಲ್ಲಿ ಮಾರೋದಕ್ಕೆ ಅಂತಲೇ ಅಲ್ಲಿನ ಡೆಲವೇರ್ ರಾಜ್ಯದಲ್ಲಿ ಒಂದು ಕಂಪನಿ ತೆರೆಯಲಾಗಿತ್ತು. ಆ ಕಂಪನಿಯ ಹೆಸರಿನಲ್ಲಿ ಡಿಸೈನ್ ಪೇಟೆಂಟ್, ಅಂದರೆ ವಸ್ತುವಿನ ಹೊರರೂಪದ ಹಕ್ಕು ಕೇಳುವ ಅರ್ಜಿ ಹಾಕಬೇಕು ಅಂತ ಮಾಲೀಕರು ನಮ್ಮ ಬಳಿ ಬಂದರು.

ನನ್ನ ಕೆಲಸ ಬೆಂಗಳೂರಿನಲ್ಲಿ ಪೇಟೆಂಟ್ ಮತ್ತು ಡಿಸೈನ್ ಅರ್ಜಿಗಳದ್ದು. ಅಮೆರಿಕದ ಅರ್ಜಿಗಳನ್ನು ಅಲ್ಲಿನ ನೋಂದಾಯಿತ ಅಟಾರ್ನಿ (ಪೇಟೆಂಟ್ ವಕೀಲರು) ಮೂಲಕ ಹಾಕಿಸುತ್ತೇವೆ. ಯಾರ ಗುರುತೂ ಸಿಗಬಾರದು ಅಂತ ಈ ಪ್ರಕರಣದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾನೂನಿನ ಭಾಗವನ್ನು ಮುಟ್ಟಿಲ್ಲ.

ಮಾಲೀಕರು ತಂದ ಫೈಲು ಅಚ್ಚುಕಟ್ಟಾಗಿತ್ತು. ಡಿಸೈನರ್ ಕಳಿಸಿದ ಬಿಲ್ಲು, ಬ್ಯಾಂಕಿನಿಂದ ದುಡ್ಡು ಹೋದ ದಾಖಲೆ, ಕಂಪ್ಯೂಟರಿನಲ್ಲಿ ಬರೆದ (ಕ್ಯಾಡ್) ಚಿತ್ರಗಳು, ಫೆಬ್ರವರಿಯಲ್ಲಿ ಸಹಿ ಹಾಕಿದ ಒಂದು ಪುಟದ ಒಪ್ಪಂದ, ಎಲ್ಲ ಇತ್ತು. "ದುಡ್ಡು ಪೂರ್ತಿ ಕೊಟ್ಟಾಗಿದೆ. ಡಿಸೈನ್ ನಮ್ಮದೇ ಅಲ್ವಾ? ಅರ್ಜಿ ಹಾಕೋದಷ್ಟೇ ಬಾಕಿ" ಅಂದರು.

ಅವರು ಹಾಗೆ ನಂಬಿದ್ದಕ್ಕೆ ಕಾರಣವಿದೆ. ನಮ್ಮ ದೇಶದ ಮಟ್ಟಿಗೆ ಆ ಮಾತು ಬಹುಪಾಲು ಸರಿ. ಭಾರತದ 2000ದ ಡಿಸೈನ್ ಕಾಯ್ದೆ, ಡಿಸೈನಿನ ಒಡೆಯ ಯಾರು ಅನ್ನೋದನ್ನು 2(ಜೆ) ಕಲಮಿನಲ್ಲಿ ಹೇಳುತ್ತದೆ. ಒಬ್ಬರು ಪ್ರತಿಫಲ ಪಡೆದು ಇನ್ನೊಬ್ಬರಿಗೋಸ್ಕರ ಡಿಸೈನ್ ಮಾಡಿಕೊಟ್ಟರೆ, ಮಾಡಿಸಿಕೊಂಡವರೇ ಅದರ ಒಡೆಯರು. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಡಿಸೈನನ್ನೂ ಪೇಟೆಂಟ್ ಕಾನೂನಿನ ಒಳಗೇ ಇಟ್ಟಿದ್ದಾರೆ. ಹಾಗಾಗಿ ಪೇಟೆಂಟಿನ ಹಳೆಯ ನಿಯಮ ಡಿಸೈನಿಗೂ ಅನ್ವಯಿಸುತ್ತದೆ. ರೂಪಿಸಿದ ಮನುಷ್ಯನೇ ಮೊದಲ ಒಡೆಯ. ದುಡ್ಡು ಎಷ್ಟೇ ಕೊಟ್ಟಿರಿ, ಆ ಮನುಷ್ಯ ಬರವಣಿಗೆಯಲ್ಲಿ ಬಿಟ್ಟುಕೊಡುವ ತನಕ ಹಕ್ಕು ಕದಲುವುದಿಲ್ಲ. ಅಮೆರಿಕದ ಪೇಟೆಂಟ್ ಕಾನೂನಿನ 261ನೇ ಕಲಮು ಲಿಖಿತ ಪತ್ರ ಬೇಕು ಅಂತ ಸ್ಪಷ್ಟವಾಗಿ ಕೇಳುತ್ತದೆ. ಬಿಲ್ಲು, ವಾಟ್ಸಾಪ್ ಮಾತು, ಬ್ಯಾಂಕ್ ಸ್ಟೇಟ್‌ಮೆಂಟ್, ಇವು ಯಾವುವೂ ಆ ಪತ್ರದ ಜಾಗ ತುಂಬುವುದಿಲ್ಲ.

ಲಿಖಿತ ಪತ್ರ ಇತ್ತಲ್ಲ, ಫೆಬ್ರವರಿಯದ್ದು? ಅದನ್ನು ಓದಿದೆವು. ಎರಡು ತೊಂದರೆ ಕಂಡವು.

ಮೊದಲನೆಯದು ತಾರೀಖಿನದು. ಪತ್ರದಲ್ಲಿ ಹಕ್ಕು ಪಡೆಯುವವರ ಜಾಗದಲ್ಲಿ ಡೆಲವೇರ್ ಕಂಪನಿಯ ಹೆಸರಿತ್ತು. ಆ ಕಂಪನಿ ನೋಂದಣಿ ಆಗಿದ್ದು ಮಾರ್ಚಿನಲ್ಲಿ. ಸಹಿ ಬಿದ್ದ ದಿನ ಅಂಥದ್ದೊಂದು ಕಂಪನಿ ಇರಲೇ ಇಲ್ಲ. ಇಲ್ಲದವರ ಕೈಗೆ ಆಸ್ತಿ ಕೊಟ್ಟರೆ ಯಾರಿಗೂ ಕೊಟ್ಟಂತಾಗುವುದಿಲ್ಲ. ಇಂಥ ಎಡವಟ್ಟು ನಮ್ಮಲ್ಲಿ ಜಾಸ್ತಿ. ಹೆಸರು ಗೊತ್ತುಮಾಡಿ, ಲೋಗೋ ಮಾಡಿಸಿ, ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿದ ದಿನದಿಂದಲೇ ಕಂಪನಿ ಇದೆ ಅಂತ ಮನಸ್ಸು ಒಪ್ಪಿಕೊಂಡುಬಿಡುತ್ತದೆ.

ಎರಡನೆಯದು ಕ್ರಿಯಾಪದದ್ದು. ಡಿಸೈನರ್ ಹಕ್ಕನ್ನು ಕಂಪನಿಗೆ ಮುಂದೆ ವರ್ಗಾಯಿಸಲು "ಒಪ್ಪುತ್ತಾರೆ" ಅಂತ ಪತ್ರದಲ್ಲಿ ಬರೆದಿತ್ತು. ಪತ್ರದ ಇಂಗ್ಲಿಷಿನಲ್ಲಿ ಇದ್ದದ್ದು "ಅಗ್ರೀಸ್ ಟು ಅಸೈನ್". ಬೇಕಾಗಿದ್ದದ್ದು "ಹಿಯರ್‌ಬೈ ಅಸೈನ್ಸ್", ಅಂದರೆ ಈ ಪತ್ರದ ಮೂಲಕ ಈಗಲೇ ವರ್ಗಾಯಿಸುತ್ತಾರೆ. ಸೈಟು ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರಾರು ಪತ್ರ ಬೇರೆ, ಕ್ರಯಪತ್ರ ಬೇರೆ. ಕರಾರು ಪತ್ರ ಕೈಯಲ್ಲಿದ್ದರೆ ಕ್ರಯ ಮಾಡಿಕೊಡಿ ಅಂತ ಕೇಳಬಹುದು, ಕೋರ್ಟಿಗೂ ಹೋಗಬಹುದು. ಸೈಟು ಮಾತ್ರ ಇನ್ನೂ ಮಾರುವವರ ಹೆಸರಿನಲ್ಲೇ ಇರುತ್ತದೆ.

ಈ ವ್ಯತ್ಯಾಸ ಎಷ್ಟು ದುಬಾರಿ ಆಗಬಹುದು ಅನ್ನೋದಕ್ಕೆ ನಾನು ಎಲ್ಲರಿಗೂ ಹೇಳುವ ಕಥೆ ಸ್ಟ್ಯಾನ್‌ಫರ್ಡ್ ವಿರುದ್ಧ ರೋಶ್ ಪ್ರಕರಣದ್ದು. ಅದು ಡಿಸೈನಿನದಲ್ಲ, ಎಚ್‌ಐವಿ ಪರೀಕ್ಷೆಯ ಪೇಟೆಂಟಿನದು. ಆದರೆ ತಿರುಳು ಇದೇ. 1988ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದ ಒಬ್ಬ ಸಂಶೋಧಕರು, ತಮ್ಮ ಆವಿಷ್ಕಾರಗಳನ್ನು ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಲು ಒಪ್ಪುತ್ತೇನೆ ಅಂತ ಸಹಿ ಹಾಕಿದ್ದರು. ಡಿಎನ್‌ಎ ಚೂರನ್ನು ಪ್ರತಿ ಮಾಡಿ ಹೆಚ್ಚಿಸುವ ಪಿಸಿಆರ್ ತಂತ್ರ ಕಲಿಯಲು ಅವರನ್ನು ಸೀಟಸ್ ಅನ್ನುವ ಕಂಪನಿಗೆ ಕಳಿಸಿದರು. ಅಲ್ಲಿಗೆ ಬರುವವರಿಗೆ ಕೊಡುವ ಗೋಪ್ಯತೆಯ ಪತ್ರಕ್ಕೆ ಸಹಿ ಮಾಡಿದರು. ಅದರಲ್ಲಿ "ಈ ಮೂಲಕ ವರ್ಗಾಯಿಸುತ್ತೇನೆ" ಅನ್ನುವ ಮಾತಿತ್ತು. ಮುಂದೆ ರಕ್ತದಲ್ಲಿ ಎಚ್‌ಐವಿ ಪ್ರಮಾಣ ಅಳೆಯುವ ವಿಧಾನ ಸಿದ್ಧವಾಯಿತು. ಸ್ಟ್ಯಾನ್‌ಫರ್ಡ್ ಅದಕ್ಕೆ ಪೇಟೆಂಟ್‌ಗಳನ್ನು ಪಡೆಯಿತು. ಅಷ್ಟರಲ್ಲಿ 1991ರಲ್ಲಿ ಸೀಟಸ್‌ನ ಪಿಸಿಆರ್ ವ್ಯವಹಾರ ಔಷಧ ಕಂಪನಿ ರೋಶ್ ಪಾಲಾಗಿತ್ತು. 2005ರಲ್ಲಿ ಸ್ಟ್ಯಾನ್‌ಫರ್ಡ್ ರೋಶ್ ಮೇಲೆ ದಾವೆ ಹೂಡಿದಾಗ, ಆ ಸಂಶೋಧಕರ ಪಾಲಿನ ಹಕ್ಕು ಸೀಟಸ್ ಮೂಲಕ ನಮಗೇ ಬಂದಿದೆ ಅಂತ ರೋಶ್ ವಾದಿಸಿತು. 2009ರಲ್ಲಿ ಪೇಟೆಂಟ್ ಮೇಲ್ಮನವಿ ಕೇಳುವ ಫೆಡರಲ್ ಸರ್ಕ್ಯೂಟ್ ಕೋರ್ಟು ಎರಡು ಪತ್ರಗಳನ್ನೂ ಪಕ್ಕಪಕ್ಕ ಇಟ್ಟು ಓದಿತು. ಸ್ಟ್ಯಾನ್‌ಫರ್ಡಿನದು ಬರೀ ಭರವಸೆ, ಸೀಟಸ್‌ನದು ವರ್ಗಾವಣೆ ಅಂತ ಹೇಳಿತು. ಸರ್ಕಾರದ ಹಣದಲ್ಲಿ ನಡೆದ ಸಂಶೋಧನೆಯಾದ್ದರಿಂದ ಹಕ್ಕು ತಾನಾಗಿ ತನಗೇ ಬರುತ್ತದೆ ಅಂತ ಸ್ಟ್ಯಾನ್‌ಫರ್ಡ್ ಸುಪ್ರೀಂ ಕೋರ್ಟಿಗೆ ಹೋಯಿತು. 2011ರಲ್ಲಿ ಏಳು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ನಿಂತು, ಆ ವಾದ ಬಿದ್ದುಹೋಯಿತು. ಆವಿಷ್ಕಾರದ ಹಕ್ಕು ಮೊದಲು ಸೇರುವುದು ಆವಿಷ್ಕರಿಸಿದವರಿಗೇ ಅನ್ನುವ ಹಳೆಯ ತತ್ವವನ್ನು ಕೋರ್ಟು ಮತ್ತೆ ಎತ್ತಿಹಿಡಿಯಿತು.

ನಮ್ಮ ಪ್ರಕರಣದಲ್ಲಿ ಈ ಕಥೆ ಹೇಳಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಡಿಸೈನರ್ ಹಗಲು ಹೊತ್ತು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿನ ನೇಮಕಾತಿ ಪತ್ರ ತರಿಸಿ ನೋಡಿದೆವು. ಕೆಲಸದಲ್ಲಿರುವ ತನಕ ಅವರು ರೂಪಿಸುವುದನ್ನೆಲ್ಲ "ಈ ಮೂಲಕ" ಕಂಪನಿಗೆ ವರ್ಗಾಯಿಸುವ ಕಲಮು ಅದರಲ್ಲಿತ್ತು. ಅಮೆರಿಕದ ಕೋರ್ಟುಗಳು ಇಂಥ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇನ್ನೂ ಹುಟ್ಟದ ಆವಿಷ್ಕಾರವನ್ನೂ ಮುಂಚಿತವಾಗಿ ಕೊಟ್ಟುಬಿಡಬಹುದು, ಅದು ಹುಟ್ಟಿದ ಗಳಿಗೆಯಲ್ಲೇ ಹಕ್ಕು ಕೈ ಬದಲಾಗುತ್ತದೆ ಅಂತ 1991ರ ಫಿಲ್ಮ್‌ಟೆಕ್ ಪ್ರಕರಣದಿಂದ ನಿಂತ ನಿಯಮವಿದೆ. ಕಾಫಿ ಫಿಲ್ಟರ್ ಆ ಕಲಮಿನ ಒಳಗೆ ಬಿದ್ದರೆ, ನಮಗೆ ಬರೆದುಕೊಡಲು ಡಿಸೈನರ್ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಕ್ಯಾಲಿಫೋರ್ನಿಯಾ ಇಲ್ಲಿ ಕೈ ಹಿಡಿಯಿತು. ಆ ರಾಜ್ಯದ ಕಾರ್ಮಿಕ ಸಂಹಿತೆಯ 2870ನೇ ಕಲಮಿನ ಪ್ರಕಾರ, ನೌಕರರು ಸ್ವಂತ ಸಮಯದಲ್ಲಿ, ಕಂಪನಿಯ ಸಲಕರಣೆ, ಸಾಮಗ್ರಿ, ಗುಟ್ಟಿನ ಮಾಹಿತಿ ಯಾವುದನ್ನೂ ಬಳಸದೆ ಮಾಡಿದ್ದನ್ನು ಕಂಪನಿ ಕಿತ್ತುಕೊಳ್ಳುವ ಹಾಗಿಲ್ಲ. ಕಂಪನಿಯ ವ್ಯವಹಾರಕ್ಕೆ ಅಥವಾ ನೌಕರರು ಅಲ್ಲಿ ಮಾಡುವ ಕೆಲಸಕ್ಕೆ ಸಂಬಂಧಪಟ್ಟಿದ್ದರೆ ಮಾತ್ರ ಈ ರಕ್ಷಣೆ ಸಿಗುವುದಿಲ್ಲ. ಸಾಫ್ಟ್‌ವೇರ್‌ಗೂ ಸ್ಟೀಲ್ ಫಿಲ್ಟರಿಗೂ ನಂಟಿಲ್ಲ, ಸರಿ. ಸಲಕರಣೆ? "ಕ್ಯಾಡ್ ಫೈಲು ಯಾವ ಲ್ಯಾಪ್‌ಟಾಪಿನಲ್ಲಿದೆ?" ಅಂತ ಕೇಳಿದೆವು. ಮನೆಯ ಲ್ಯಾಪ್‌ಟಾಪ್. ಸಾಫ್ಟ್‌ವೇರ್ ಲೈಸೆನ್ಸ್ ಅವರ ಸ್ವಂತ ಕಾರ್ಡಿನಲ್ಲಿ ಕೊಂಡದ್ದು, ರಸೀದಿ ಇತ್ತು. ಹೊರಗಿನ ಕೆಲಸದ ಬಗ್ಗೆ ಕಂಪನಿಗೆ ಮುಂಚೆಯೇ ತಿಳಿಸಿ ಒಪ್ಪಿಗೆಯ ಮೇಲ್ ಕೂಡ ತೆಗೆದುಕೊಂಡಿದ್ದರು. ಇಷ್ಟೊಂದು ಜಾಗರೂಕತೆಯ ಡಿಸೈನರ್ ಸಿಗುವುದು ಅಪರೂಪ. ಅವರ ಬಳಿ ಗ್ರೀನ್ ಕಾರ್ಡ್ ಇತ್ತು ಅನ್ನೋದೂ ಮುಖ್ಯ. ಎಚ್-1ಬಿ ವೀಸಾ ಕೆಲಸ ಕೊಟ್ಟ ಕಂಪನಿಗೆ ಕಟ್ಟಿದ್ದು. ಅದರ ಮೇಲಿರುವವರು ಹೊರಗಿನವರ ದುಡ್ಡಿನ ಕೆಲಸ ಒಪ್ಪಿಕೊಂಡರೆ ಪೇಟೆಂಟಿಗಿಂತ ದೊಡ್ಡ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಕ್ಯಾಲಿಫೋರ್ನಿಯಾದ ಇನ್ನೊಂದು ವಿಶೇಷವನ್ನು ಅಟಾರ್ನಿ ಎತ್ತಿದರು. ಅಲ್ಲಿ ಮದುವೆಯಾದ ಮೇಲೆ ಗಳಿಸಿದ ಆಸ್ತಿ ಗಂಡ ಹೆಂಡತಿ ಇಬ್ಬರದೂ ಅಂತಲೇ ಕಾನೂನು ಮೊದಲು ಊಹಿಸಿಕೊಳ್ಳುತ್ತದೆ. ಪೇಟೆಂಟೂ ಆ ಊಹೆಯ ಒಳಗೇ ಬರುತ್ತದೆ ಅನ್ನೋದು 2010ರ ಎನೋವ್‌ಸಿಸ್ ವಿರುದ್ಧ ನೆಕ್ಸ್‌ಟೆಲ್ ತೀರ್ಪಿನಲ್ಲಿದೆ. ಡಿಸೈನರ್ ಅವರ ಗಂಡನಿಂದಲೂ ಒಪ್ಪಿಗೆಯ ಸಹಿ ತೆಗೆದುಕೊಂಡೆವು. ಒಂದು ಸಾಲಿನ ಕೆಲಸ, ಆದರೆ ಸ್ಯಾನ್ ಹೋಸೆ ಸುತ್ತಲಿನ ಬೇ ಏರಿಯಾದಲ್ಲಿರುವ ನಮ್ಮವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆ?

ಪೀಣ್ಯದ ಮೂರು ಬಳೆ

ಇಷ್ಟಾದ ಮೇಲೆ ಹೊಸ ವರ್ಗಾವಣೆ ಪತ್ರ ಬರೆದು ಡಿಸೈನರ್ ಸಹಿ ಹಾಕಿಸಿದರೆ ಮುಗಿಯಿತು ಅಂತ ಮಾಲೀಕರು ಅಂದುಕೊಂಡಿದ್ದರು. ಆಗ ಚಿತ್ರಗಳನ್ನು ಮೇಜಿನ ಮೇಲೆ ಹರಡಿದೆವು.

ಡಿಸೈನ್ ಪೇಟೆಂಟಿನಲ್ಲಿ ಚಿತ್ರವೇ ಎಲ್ಲ. ಹಕ್ಕಿನ ಬೇಡಿಕೆ ಒಂದೇ ಸಾಲು. ಕಾಫಿ ಫಿಲ್ಟರಿನ ಅಲಂಕಾರಿಕ ವಿನ್ಯಾಸ, ತೋರಿಸಿ ವಿವರಿಸಿದಂತೆ, ಅಷ್ಟೇ. ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ, ಜೊತೆಗೆ ಓರೆಯಿಂದ ನೋಡಿದ ಒಂದು ಚಿತ್ರ. ಗಟ್ಟಿ ಗೆರೆಯಲ್ಲಿ ಬರೆದದ್ದೆಲ್ಲ ಹಕ್ಕಿನ ಒಳಗೆ. ತುಂಡು ಗೆರೆಯಲ್ಲಿ ಬರೆದದ್ದು ಸುಮ್ನೆ ಸಂದರ್ಭ ತೋರಿಸಲಿಕ್ಕೆ. ಹಾಗಾಗಿ ಡಿಸೈನ್ ಯಾರದ್ದು ಅಂತ ತಿಳಿಯಬೇಕಾದರೆ ಗಟ್ಟಿ ಗೆರೆಗಳ ಮೇಲೆ ಬೆರಳಿಟ್ಟು, ಇದು ಯಾರ ತಲೆಯಿಂದ ಬಂತು ಅಂತ ಒಂದೊಂದಾಗಿ ಕೇಳಬೇಕು.

ಮುಚ್ಚಳದ ಮೇಲಿನ ಮೊಗ್ಗಿನಂಥ ಹಿಡಿ ಡಿಸೈನರ್ ಅವರದು. ನಡು ಸಣ್ಣಗಾಗಿ ಬುಡ ಅಗಲವಾಗುವ ಮೈಯೂ ಅವರದೇ. ನಡುವಿನಲ್ಲಿ ಮೂರು ಉಬ್ಬು ಗೆರೆಗಳಿದ್ದವು. ಕೆಳಗಿನದು ದಪ್ಪ, ಮಧ್ಯದ್ದು ಅದಕ್ಕಿಂತ ತೆಳು, ಮೇಲಿನದು ನೂಲಿನಷ್ಟು. ಫಿಲ್ಟರ್ ನೋಡಿದ ತಕ್ಷಣ ಕಣ್ಣು ಹೋಗುವುದೇ ಅಲ್ಲಿಗೆ. ಅದು ಮೊದಲ ಚಿತ್ರಗಳಲ್ಲಿ ಇರಲಿಲ್ಲ. "ಅದಾ? ಅದು ಪೀಣ್ಯದ ಅಣ್ಣ ಹಾಕಿದ್ದು. ಚೆನ್ನಾಗಿ ಕಾಣ್ತು, ಹಾಗೇ ಬಿಟ್ವಿ" ಅಂದರು ಮಾಲೀಕರು.

ಪೀಣ್ಯಕ್ಕೆ ಹೋಗಿ ಮಾತಾಡಿಸಿದೆವು. ಯಜಮಾನರು ಸ್ಯಾಂಪಲ್ ಕೈಗೆತ್ತಿಕೊಂಡು ಹೆಬ್ಬೆರಳಲ್ಲಿ ನಡುವನ್ನು ಒತ್ತಿ ತೋರಿಸಿದರು. "ನೋಡಿ ಸಾರ್, ಶೀಟು ತೆಳು. ಬೀಡಿಂಗ್ ಹಾಕ್ದೆ ಬಿಟ್ರೆ ಇಲ್ಲಿ ನೆಗ್ಗುತ್ತೆ. ಒಂದು ಬೀಡ್ ಸಾಕಾಗಿತ್ತು. ಆದ್ರೆ ಒಂದೇ ಹಾಕಿದ್ರೆ ಡ್ರಮ್ಮಿನ ಥರ ಕಾಣುತ್ತೆ. ಬಳೆ ಥರ ಮೂರು ಹಾಕೋಣ, ದಪ್ಪದಿಂದ ಸಣ್ಣಕ್ಕೆ ಹೋಗ್ಲಿ ಅಂತ ನಾನೇ ಡೈ (ಅಚ್ಚು) ಮಾಡ್ದೆ. ಮೇಡಂಗೆ ಫೋಟೋ ಕಳ್ಸಿದ್ದೆ." ಫೋನಿನಲ್ಲಿ ಆ ಫೋಟೋ ತಾರೀಖಿನ ಸಮೇತ ಇತ್ತು.

ಅವರ ಮಾತಿನ ಕೊನೆಯ ಭಾಗ ಕೇಳಿದಾಗಲೇ ಕಾನೂನಿನ ಪ್ರಶ್ನೆಗೆ ಉತ್ತರ ಸಿಕ್ಕಿತು. ನೆಗ್ಗದಿರಲಿ ಅಂತ ಬೀಡಿಂಗ್ ಹಾಕುವುದು ಪ್ರೆಸ್ ಕೆಲಸ ಬಲ್ಲ ಯಾರೂ ಮಾಡುವಂಥದ್ದು. ಅಷ್ಟೇ ಆಗಿದ್ದರೆ ಅವರು ಡಿಸೈನ್ ರೂಪಿಸಿದವರ ಸಾಲಿಗೆ ಬರುತ್ತಿರಲಿಲ್ಲ. ಆದರೆ ಎಷ್ಟು ಬೀಡ್, ಯಾವ ಕ್ರಮದಲ್ಲಿ, ಯಾವ ದಪ್ಪದಲ್ಲಿ ಅನ್ನೋದನ್ನು ಅವರು ಕಣ್ಣಿಗೆ ಹೇಗೆ ಕಾಣಬೇಕು ಅನ್ನುವ ದೃಷ್ಟಿಯಿಂದ ಆರಿಸಿದ್ದರು. ಡಿಸೈನ್ ಪೇಟೆಂಟಿನಲ್ಲೂ ರೂಪಿಸಿದವರನ್ನು ಗುರುತಿಸುವ ಅಳತೆಗೋಲು ಉಳಿದ ಪೇಟೆಂಟ್‌ಗಳದ್ದೇ ಅಂತ 2002ರ ಹೂಪ್ ವಿರುದ್ಧ ಹೂಪ್ ಪ್ರಕರಣದಲ್ಲಿ ಕೋರ್ಟು ಹೇಳಿದೆ. ಅದು ಮೋಟಾರ್ ಸೈಕಲ್ಲಿಗೆ ಹಾಕುವ ಹದ್ದಿನ ಆಕಾರದ ಗಾರ್ಡಿನ ಜಗಳ. ಕಲ್ಪನೆ ಅಣ್ಣತಮ್ಮಂದಿರದು, ಅದನ್ನು ವಿವರವಾದ ಚಿತ್ರಕ್ಕೆ, ಮಾದರಿಗೆ ಇಳಿಸಿದವರು ಬಂಧುಗಳು. ಇನ್ನೊಬ್ಬರ ಕಲ್ಪನೆಯನ್ನು ತಿದ್ದಿ ತೀಡಿ ಮುಗಿಸಿಕೊಟ್ಟ ಮಾತ್ರಕ್ಕೆ ಯಾರೂ ಅದನ್ನು ರೂಪಿಸಿದವರಾಗುವುದಿಲ್ಲ ಅಂತ ಕೋರ್ಟು ಬಂಧುಗಳ ವಾದವನ್ನು ಒಪ್ಪಲಿಲ್ಲ. ನಮ್ಮ ಯಜಮಾನರ ವಿಷಯ ಹಾಗಿರಲಿಲ್ಲ. ಅವರಿಗೆ ಮೂರು ಬಳೆ ಹಾಕಿ ಅಂತ ಯಾರೂ ಹೇಳಿರಲಿಲ್ಲ.

ಮಾಲೀಕರಿಗೆ ಇದು ಕಷ್ಟವಾಯಿತು. ಮೂರು ಗೆರೆಯನ್ನು ತುಂಡು ಗೆರೆಯಾಗಿ ಬರೆದು ಹಕ್ಕಿನಿಂದ ಹೊರಗಿಡಬಹುದಲ್ಲ ಅಂದರು. ಇಡಬಹುದು, ಕಾನೂನಿನಲ್ಲಿ ದಾರಿ ಇದೆ. ಆದರೆ ಹಾಗೆ ಮಾಡಿದರೆ ಈ ಫಿಲ್ಟರಿಗೆ ಮುಖ ತಂದುಕೊಟ್ಟದ್ದೇ ಪೇಟೆಂಟಿನಿಂದ ಆಚೆ ಉಳಿಯುತ್ತದೆ. ಇಟ್ಟುಕೊಂಡು, ಅವರ ಹೆಸರು ಬಿಟ್ಟು ಅರ್ಜಿ ಹಾಕುವುದು ಇನ್ನೂ ಅಪಾಯ. ಅಮೆರಿಕದಲ್ಲಿ ಜಂಟಿ ಒಡೆಯರು ಒಬ್ಬರನ್ನೊಬ್ಬರು ಕೇಳದೆ, ಲಾಭ ಹಂಚದೆ ಆ ಡಿಸೈನನ್ನು ಬಳಸಬಹುದು, ಬೇರೆಯವರಿಗೆ ಲೈಸೆನ್ಸ್ ಕೊಡಬಹುದು. 262ನೇ ಕಲಮು ಹಾಗೆ ಹೇಳುತ್ತದೆ. ನಕಲು ಮಾಡಿದವರ ಮೇಲೆ ದಾವೆ ಹಾಕಬೇಕಾದರೆ ಮಾತ್ರ ಸಾಮಾನ್ಯವಾಗಿ ಎಲ್ಲ ಒಡೆಯರೂ ಸೇರಬೇಕು. 1998ರ ಎಥಿಕಾನ್ ಪ್ರಕರಣದಲ್ಲಿ ಹೆಸರು ಬಿಟ್ಟುಹೋಗಿದ್ದ ಒಬ್ಬ ಸಹ ಆವಿಷ್ಕಾರಕ ಎದುರಾಳಿಗೆ ಲೈಸೆನ್ಸ್ ಕೊಟ್ಟ, ದಾವೆಗೆ ಸೇರಲು ಒಪ್ಪಲಿಲ್ಲ. ದಾವೆ ವಜಾ ಆಯಿತು.

ಕಾನೂನು ಬಿಟ್ಟು ನನ್ನ ಅಭಿಪ್ರಾಯ ಕೇಳಿದರೆ, ಅವರ ಹೆಸರು ಇರಲೇಬೇಕಿತ್ತು. ಪೀಣ್ಯ, ಶಿವಮೊಗ್ಗ, ಬೆಳಗಾವಿಯ ವರ್ಕ್‌ಶಾಪುಗಳಲ್ಲಿ ಡೈ ಮಾಡುವವರು ಎಷ್ಟೋ ವಸ್ತುಗಳಿಗೆ ಕೊನೆಯ ರೂಪ ಕೊಡುತ್ತಾರೆ. ಅವರ ಹೆಸರು ಎಲ್ಲೂ ಬರುವುದಿಲ್ಲ. ಹಕ್ಕು ಯಾರ ಕೈಗೆ ಹೋದರೂ ಡಿಸೈನ್ ಪೇಟೆಂಟಿನ ಮೊದಲ ಪುಟದಲ್ಲಿ ರೂಪಿಸಿದವರ ಹೆಸರು ಉಳಿಯುತ್ತದೆ. ಒಡೆತನವನ್ನು ಮಾರಬಹುದು, ಆ ಹೆಸರನ್ನು ಮಾರಲಾಗುವುದಿಲ್ಲ. ಮಾಲೀಕರು ಒಂದು ರಾತ್ರಿ ಯೋಚಿಸಿ ಒಪ್ಪಿದರು. ಯಜಮಾನರಿಗೆ ಒಂದು ಮೊತ್ತ, ಮೊದಲ ಮೂರು ವರ್ಷದ ತಯಾರಿಕೆಯ ಆರ್ಡರ್ ಅವರಿಗೇ ಅಂತ ಮಾತಾಯಿತು. ತಯಾರಿಕೆಯ ಒಪ್ಪಂದವನ್ನು ಬೇರೆಯಾಗಿಯೇ ಬರೆಸಿದೆವು. ಆರ್ಡರ್ ವಿಷಯದಲ್ಲಿ ನಾಳೆ ಜಗಳವಾದರೆ ಡಿಸೈನಿನ ಹಕ್ಕು ಅದರ ಜೊತೆ ಎಳೆದಾಡಬಾರದು.

ಪತ್ರದಲ್ಲಿ ಏನು ಬರೆದೆವು

ಅರ್ಜಿ ಇನ್ನೂ ಹಾಕಿಲ್ಲ ಅಂದಮೇಲೆ ಅರ್ಜಿ ಸಂಖ್ಯೆ ಇಲ್ಲ. ಹಾಗಾದರೆ ಪತ್ರ ಯಾವ ಡಿಸೈನಿನ ಬಗ್ಗೆ ಅಂತ ಹೇಗೆ ಗೊತ್ತಾಗಬೇಕು? ಅಮೆರಿಕದ ನಿಯಮ 3.21 ಇದಕ್ಕೆ ಅವಕಾಶ ಕೊಟ್ಟಿದೆ. ರೂಪಿಸಿದವರೆಲ್ಲರ ಹೆಸರು, ಡಿಸೈನಿನ ಶೀರ್ಷಿಕೆ ಎರಡನ್ನೂ ಗೊಂದಲವಾಗದಂತೆ ಬರೆದರೆ ಸಾಕು. ಆದರೆ "ಕಾಫಿ ಫಿಲ್ಟರ್" ಅನ್ನುವ ಶೀರ್ಷಿಕೆಯಲ್ಲಿ ಇದೇ ಡಿಸೈನರ್ ನಾಳೆ ಇನ್ನೊಂದು ಮಾಡಬಹುದು. ಅದಕ್ಕೇ ಎಲ್ಲ ಚಿತ್ರಗಳನ್ನೂ ಪತ್ರಕ್ಕೆ ಲಗತ್ತಿಸಿ, ಪ್ರತಿ ಹಾಳೆಯ ಮೇಲೆ ಇಬ್ಬರ ಚಿಕ್ಕ ಸಹಿ ಹಾಕಿಸಿದೆವು. ಅರ್ಜಿ ಸಂಖ್ಯೆ ಬಂದ ಮೇಲೆ ಅದನ್ನು ಪತ್ರದಲ್ಲಿ ತುಂಬಲು ಅಟಾರ್ನಿಗೆ ಅಧಿಕಾರ ಕೊಡುವ ಸಾಲು ಸೇರಿಸಿದೆವು.

ಹಕ್ಕು ಅಂದರೆ ಒಂದು ಅರ್ಜಿಯ ಹಕ್ಕಲ್ಲ. ಇದರಿಂದ ಮುಂದೆ ಹುಟ್ಟುವ ಅರ್ಜಿಗಳು, ಎಲ್ಲ ದೇಶಗಳ ಹಕ್ಕು, ಆದ್ಯತೆಯ ಹಕ್ಕು (ಮೊದಲ ಅರ್ಜಿಯ ತಾರೀಖನ್ನೇ ಬೇರೆ ದೇಶದಲ್ಲೂ ಕೇಳುವ ಹಕ್ಕು), ನಕಲು ಮಾಡಿದವರ ಮೇಲೆ ದಾವೆ ಹೂಡುವ ಹಕ್ಕು, ಇವನ್ನೆಲ್ಲ ಹೆಸರಿಸಿದೆವು. ಮುಂದೆ ಬೇಕಾದ ಕಾಗದಗಳಿಗೆ ಸಹಿ ಹಾಕುವ ಒಪ್ಪಿಗೆಯೂ ಇತ್ತು. ಹಕ್ಕು ಪಡೆಯುವ ಕಂಪನಿಯ ಹೆಸರನ್ನು ಡೆಲವೇರ್ ನೋಂದಣಿ ಪತ್ರದಲ್ಲಿರುವಂತೆ ಅಕ್ಷರ ಬಿಡದೆ ಬರೆದೆವು.

ಹಳೆಯ ಫೆಬ್ರವರಿ ಪತ್ರಕ್ಕೆ ಹಿಂದಿನ ತಾರೀಖಿನಿಂದ ಜೀವ ಕೊಡುವ ಪ್ರಯತ್ನ ಮಾಡಲಿಲ್ಲ. ಹಿಂದಿನ ದಿನದಿಂದ ಜಾರಿ ಅಂತ ಬರೆದ ವರ್ಗಾವಣೆಯಿಂದ ದಾವೆ ಹೂಡುವ ಅರ್ಹತೆ ಹಿಂದಕ್ಕೆ ಹೋಗಿ ಸಿಗುವುದಿಲ್ಲ ಅನ್ನೋದು 1998ರ ಎಂಜೋ ಪ್ರಕರಣದಿಂದ ಗೊತ್ತಿರುವ ವಿಷಯ. ಅರ್ಜಿಯೇ ಹಾಕಿರದಿದ್ದಾಗ ಹೊಸ ತಾರೀಖಿನ ಹೊಸ ಪತ್ರಕ್ಕೆ ಏನು ಅಡ್ಡಿ? ಅರ್ಜಿಗೆ ಮುಂಚೆ ಒಡೆತನ ಸರಿಮಾಡಿಕೊಳ್ಳುವ ದೊಡ್ಡ ಅನುಕೂಲ ಇದೇ. ಆಗ ಎಲ್ಲರೂ ಮಾತಿಗೆ ಸಿಗುತ್ತಾರೆ, ಡಿಸೈನಿಗೆ ಇನ್ನೂ ಮಾರುಕಟ್ಟೆ ಬೆಲೆ ಬಂದಿರುವುದಿಲ್ಲ, ತಪ್ಪನ್ನು ಒಂದು ಹಾಳೆಯಲ್ಲಿ ತಿದ್ದಬಹುದು.

ಕನ್ನಡದಲ್ಲಿ ಒಂದು ಪ್ರಮಾಣ

ವರ್ಗಾವಣೆ ಪತ್ರದ ಜೊತೆಗೆ, ಈ ಡಿಸೈನನ್ನು ರೂಪಿಸಿದ್ದು ನಾವೇ ಅಂತ ಇಬ್ಬರೂ ಘೋಷಣೆಗೆ ಸಹಿ ಹಾಕಬೇಕು. ಯಜಮಾನರಿಗೆ ಕನ್ನಡ, ತೆಲುಗು ಚೆನ್ನಾಗಿ ಬರುತ್ತಿತ್ತು. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವಷ್ಟು ಬರುತ್ತಿರಲಿಲ್ಲ. ಎಲ್ಲಿ ಸಹಿ ಹಾಕಬೇಕು ತೋರಿಸಿ, ಹಾಕ್ತೀನಿ ಅಂದರು. ಅದು ಸಾಲದು. ಅಮೆರಿಕದ ನಿಯಮ 1.69ರ ಪ್ರಕಾರ, ಇಂಗ್ಲಿಷ್ ಅರ್ಥವಾಗದವರ ಘೋಷಣೆ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಘೋಷಣೆಗೆ ಸಂಬಂಧಪಟ್ಟ ಕಾಗದಗಳಲ್ಲಿ ಏನಿದೆ ಅಂತ ನನಗೆ ಅರ್ಥವಾಗಿದೆ ಅನ್ನೋದನ್ನೂ ಅದರಲ್ಲೇ ಹೇಳಬೇಕು. ಜೊತೆಗೆ ಇಂಗ್ಲಿಷ್ ಅನುವಾದ, ಅನುವಾದ ಸರಿಯಾಗಿದೆ ಅನ್ನುವ ಹೇಳಿಕೆ.

ಅಮೆರಿಕದ ಪೇಟೆಂಟ್ ಕಚೇರಿ ಕೆಲವು ಭಾಷೆಗಳಲ್ಲಿ ಸಿದ್ಧ ನಮೂನೆ ಕೊಡುತ್ತದೆ. ಅವುಗಳಲ್ಲಿ ಕನ್ನಡ ಇಲ್ಲ. ನಾವೇ ಬರೆದೆವು. "ಮೇಲಿನ ವಿನ್ಯಾಸವನ್ನು ಮೊದಲಿಗೆ ರೂಪಿಸಿದವರಲ್ಲಿ ನಾನೂ ಒಬ್ಬನೆಂದು ನಂಬುತ್ತೇನೆ. ಈ ಘೋಷಣೆಯಲ್ಲಿ ಬೇಕೆಂದೇ ಸುಳ್ಳು ಹೇಳಿದರೆ ದಂಡ ಅಥವಾ ಸೆರೆವಾಸ ಆಗಬಹುದೆಂದು ನನಗೆ ತಿಳಿದಿದೆ." ಯಜಮಾನರು ಗಟ್ಟಿಯಾಗಿ ಓದಿಕೊಂಡರು. ಸೆರೆವಾಸ ಅನ್ನುವಲ್ಲಿ ನಿಂತು, "ಇದ್ಯಾಕೆ ಸಾರ್?" ಅಂತ ಕೇಳಿದರು. ವಿವರಿಸಿದೆವು. ಹಾಗೆ ಕೇಳಿದ್ದೇ ಒಳ್ಳೆಯದಾಯಿತು. ಓದದೆ ಹಾಕಿದ ಸಹಿಗೆ ಕೋರ್ಟಿನಲ್ಲಿ ಬಲ ಕಮ್ಮಿ.

ವರ್ಗಾವಣೆ ಪತ್ರವನ್ನೂ ಎರಡು ಭಾಷೆಯಲ್ಲಿ ಮಾಡಿದೆವು. ದಾಖಲಿಸಲು ಇಂಗ್ಲಿಷ್ ಪ್ರತಿ ಬೇಕು, ಅನುವಾದವಾಗಿದ್ದರೆ ಅನುವಾದಕರ ಸಹಿ ಬೇಕು. ನೋಟರಿ ಕಡ್ಡಾಯವಲ್ಲ. ಆದರೆ 261ನೇ ಕಲಮಿನ ಪ್ರಕಾರ ನೋಟರಿ ಮುಂದೆ ಒಪ್ಪಿಕೊಂಡ ಸಹಿ, ಪತ್ರ ಬರೆದುಕೊಟ್ಟಿದ್ದಾರೆ ಅನ್ನೋದಕ್ಕೆ ಮೇಲ್ನೋಟದ ಪುರಾವೆಯಾಗುತ್ತದೆ. ಭಾರತದಲ್ಲಿ ಹಾಕಿದ ಸಹಿಗೆ ಅಪೋಸ್ಟಿಲ್, ಅಂದರೆ ಬೇರೆ ದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ, ಮಾಡಿಸಿದರೆ ಅಲ್ಲಿ ಅದೇ ಬೆಲೆ. ಯಜಮಾನರ ಪತ್ರಕ್ಕೆ ಬೆಂಗಳೂರಿನಲ್ಲಿ ನೋಟರಿ ಮಾಡಿಸಿ, ವಿದೇಶಾಂಗ ಇಲಾಖೆಯ ಅಪೋಸ್ಟಿಲ್ ತೆಗೆದುಕೊಂಡೆವು.

ಅರ್ಜಿ ಹೋದ ದಿನ

ಅರ್ಜಿಯ ಮಾಹಿತಿ ಹಾಳೆಯಲ್ಲಿ ಅರ್ಜಿದಾರರು ಅಂತ ಕಂಪನಿಯ ಹೆಸರು, ರೂಪಿಸಿದವರು ಅಂತ ಇಬ್ಬರ ಹೆಸರು ಹಾಕಲಾಯಿತು. ಅರ್ಜಿದಾರರ ಜಾಗ ಖಾಲಿ ಬಿಟ್ಟರೆ ರೂಪಿಸಿದವರೇ ಅರ್ಜಿದಾರರಾಗುತ್ತಾರೆ. ಆಮೇಲೆ ಬದಲಿಸಲು ಒಡೆತನದ ಸರಪಳಿ ತೋರಿಸುವ ಇನ್ನೊಂದು ಹೇಳಿಕೆ ಹಾಕಬೇಕು. ಆಗದ ಕೆಲಸವಲ್ಲ, ಆದರೆ ಬೇಡದ ಕೆಲಸ. ಅರ್ಜಿದಾರರು ಕಂಪನಿ ಆಗಿದ್ದರೆ ತಾನೇ ಅರ್ಜಿ ನಡೆಸುವಂತಿಲ್ಲ, ನೋಂದಾಯಿತ ಅಟಾರ್ನಿ ಅಥವಾ ಏಜೆಂಟ್ ಬೇಕೇ ಬೇಕು. ಖರ್ಚು ಉಳಿಸಲು ಸ್ವಂತವಾಗಿ ಹಾಕುತ್ತೇವೆ ಅನ್ನುವವರು ಇದನ್ನು ಗಮನಿಸಬೇಕು.

ಶುಲ್ಕದಲ್ಲಿ ಸಣ್ಣ ಸಂಸ್ಥೆಗಳಿಗೆ ಶೇಕಡ 60, ಇನ್ನೂ ಚಿಕ್ಕ ಮೈಕ್ರೋ ವರ್ಗಕ್ಕೆ ಶೇಕಡ 80 ರಿಯಾಯಿತಿ ಇದೆ. ಮೈಕ್ರೋ ವರ್ಗಕ್ಕೆ ಅರ್ಜಿದಾರರದ್ದಷ್ಟೇ ಅಲ್ಲ, ರೂಪಿಸಿದ ಪ್ರತಿಯೊಬ್ಬರ ಹಿಂದಿನ ವರ್ಷದ ಆದಾಯವೂ ಮಿತಿಯೊಳಗಿರಬೇಕು. ಡಿಸೈನರ್ ಸಂಬಳ ಆ ಗೆರೆಯ ಹತ್ತಿರವೇ ಇತ್ತು. ಅನುಮಾನಕ್ಕೆ ಎಡೆ ಬೇಡ ಅಂತ ಸಣ್ಣ ಸಂಸ್ಥೆಯ ರಿಯಾಯಿತಿ ಮಾತ್ರ ಕೇಳಿದೆವು.

ಅರ್ಜಿ ಸಂಖ್ಯೆ ಬಂದ ತಕ್ಷಣ ವರ್ಗಾವಣೆ ಪತ್ರವನ್ನು ಪೇಟೆಂಟ್ ಕಚೇರಿಯ ಅಸೈನ್‌ಮೆಂಟ್ ಸೆಂಟರಿನಲ್ಲಿ ದಾಖಲಿಸಲಾಯಿತು. ಆನ್‌ಲೈನಿನಲ್ಲಿ ಇದಕ್ಕೆ ಶುಲ್ಕವಿಲ್ಲ. ಇಲ್ಲಿ ತಡ ಮಾಡಬಾರದು. ಪತ್ರದ ತಾರೀಖಿನಿಂದ ಮೂರು ತಿಂಗಳೊಳಗೆ, ಅಥವಾ ಇನ್ನೊಬ್ಬರು ಕೊಳ್ಳುವ ಮುಂಚೆ, ದಾಖಲಾಗದಿದ್ದರೆ, ವಿಷಯ ಗೊತ್ತಿಲ್ಲದೆ ದುಡ್ಡು ಕೊಟ್ಟು ಕೊಂಡ ಎರಡನೆಯವರ ಎದುರು ಮೊದಲ ಪತ್ರ ನಿಲ್ಲುವುದಿಲ್ಲ. ಗಡುವು ಶುರುವಾಗುವುದು ಅರ್ಜಿ ಹಾಕಿದ ದಿನದಿಂದಲ್ಲ, ಪತ್ರದ ದಿನದಿಂದ. ಅರ್ಜಿಗೆ ಮುಂಚೆ ಪತ್ರ ಬರೆಸಿ, ಚಿತ್ರ ತಿದ್ದುತ್ತಾ ತಿಂಗಳುಗಟ್ಟಲೆ ಕೂತರೆ ಆ ಗಡುವು ಸದ್ದಿಲ್ಲದೆ ಕರಗುತ್ತದೆ. ಅದಕ್ಕೇ ಚಿತ್ರಗಳು ಪೂರ್ತಿ ಸಿದ್ಧವಾದ ಮೇಲೆಯೇ ಸಹಿ ಹಾಕಿಸಿದ್ದೆವು.

ಡಿಸೈನರ್‌ಗೆ ಒಂದೇ ಅವಸರ. "ಅಕ್ಕಾ, ಪೋರ್ಟ್‌ಫೋಲಿಯೋದಲ್ಲಿ ಫೋಟೋ ಹಾಕ್ಲಾ?" ಅಂತ ಮಾಲೀಕರನ್ನು ಕೇಳುತ್ತಲೇ ಇದ್ದರು. ಅಮೆರಿಕದಲ್ಲಿ ಸ್ವಂತ ಡಿಸೈನನ್ನು ಬಹಿರಂಗ ಮಾಡಿದ ಮೇಲೂ ಅರ್ಜಿಗೆ ಒಂದು ವರ್ಷ ಸಮಯವಿದೆ. ಭಾರತದಲ್ಲಿ ಆ ಸಲಿಗೆ ಇಲ್ಲ. ಅರ್ಜಿಗೆ ಮುಂಚೆ ಜಗತ್ತಿನ ಎಲ್ಲಿಯಾದರೂ ಪ್ರಕಟವಾಗಿದ್ದರೆ ನೋಂದಣಿಗೆ ಪೆಟ್ಟು. ಇಲ್ಲೂ ನೋಂದಣಿ ಬೇಕಾಗಿದ್ದರಿಂದ ಅವರನ್ನು ತಡೆದು ನಿಲ್ಲಿಸಿದ್ದೆವು.

ಭಾರತದ ಅರ್ಜಿಯನ್ನು ಯಾಕೆ ಮೊದಲು ಹಾಕಲಿಲ್ಲ? ಡಿಸೈನ್ ಬಹುಪಾಲು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು. ಅಮೆರಿಕದಲ್ಲಿ ಹುಟ್ಟಿದ ಡಿಸೈನನ್ನು ಬೇರೆ ದೇಶದಲ್ಲಿ ಮೊದಲು ಹಾಕಬೇಕಾದರೆ ಅಲ್ಲಿನ ಸರ್ಕಾರದ ಲೈಸೆನ್ಸ್ ಬೇಕು. 184ನೇ ಕಲಮು ಕೈಗಾರಿಕಾ ಡಿಸೈನನ್ನೂ ಹೆಸರಿಸಿ ಹೇಳುತ್ತದೆ. ಅಮೆರಿಕದ ಅರ್ಜಿಯ ರಸೀದಿಯಲ್ಲೇ ಸಾಮಾನ್ಯವಾಗಿ ಆ ಲೈಸೆನ್ಸ್ ಬರುತ್ತದೆ, ಇಲ್ಲೂ ಬಂತು. ಆಮೇಲೆ ಆರು ತಿಂಗಳೊಳಗೆ ಭಾರತದಲ್ಲಿ ಆದ್ಯತೆ ಕೇಳಿ ಹಾಕಬಹುದು. ಇಲ್ಲಿ ಅರ್ಜಿದಾರರು ಬೆಂಗಳೂರು ಕಂಪನಿ. ಆದ್ಯತೆಯ ಹಕ್ಕು ಡೆಲವೇರ್ ಕಂಪನಿಯದ್ದು. ಒಬ್ಬರೇ ಮಾಲೀಕರಾದರೂ ಕಾನೂನಿನ ಕಣ್ಣಲ್ಲಿ ಎರಡು ಕಂಪನಿ ಎರಡು ವ್ಯಕ್ತಿ. ಹಾಗಾಗಿ ಭಾರತದ ಹಕ್ಕನ್ನು, ಆದ್ಯತೆಯ ಸಮೇತ, ಡೆಲವೇರ್‌ನಿಂದ ಬೆಂಗಳೂರಿಗೆ ಇನ್ನೊಂದು ಪತ್ರದಲ್ಲಿ ಬರೆಸಿದೆವು. ಅದನ್ನೂ ಅರ್ಜಿಗೆ ಮುಂಚೆಯೇ. ಎರಡು ದೇಶದ ಕಂಪನಿಗಳ ನಡುವಿನ ವ್ಯವಹಾರವಾದ್ದರಿಂದ ತೆರಿಗೆ, ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಲೆಕ್ಕವನ್ನು ಅವರ ಸಿ.ಎ. ನೋಡಿಕೊಂಡರು.

ಭಾರತದ ಅರ್ಜಿ ಕೋಲ್ಕತ್ತಾದ ಡಿಸೈನ್ ವಿಭಾಗಕ್ಕೆ ಹೋಗಿದೆ. ನೋಂದಣಿಯಾದರೆ ಹತ್ತು ವರ್ಷ, ನವೀಕರಿಸಿದರೆ ಇನ್ನೈದು. ಅಮೆರಿಕದ್ದು ಪರಿಶೀಲನೆಯಲ್ಲಿದೆ. ಮಂಜೂರಾದರೆ ಆ ದಿನದಿಂದ 15 ವರ್ಷ, ನಡುವೆ ನಿರ್ವಹಣಾ ಶುಲ್ಕ ಇಲ್ಲ. ಡಿಸೈನ್ ಅರ್ಜಿಗಳು ಮಂಜೂರಾಗುವ ತನಕ ಅಲ್ಲಿ ಪ್ರಕಟವಾಗುವುದಿಲ್ಲ. ಪೀಣ್ಯದ ಯಜಮಾನರಿಗೆ ತಮ್ಮ ಹೆಸರಿನ ಮೊದಲ ಪುಟ ನೋಡಲು ಅಲ್ಲಿಯ ತನಕ ಕಾಯಬೇಕು.

ಈ ಕೆಲಸ ನಡೆಯುತ್ತಿದ್ದಾಗಲೇ ಮಾಲೀಕರು ತಮ್ಮ ಹಳೆಯ ಎರಡು ಉತ್ಪನ್ನಗಳ ಫೈಲು ತಂದರು. ಒಂದು ಮಸಾಲೆ ಡಬ್ಬಿ, ಒಂದು ಇಡ್ಲಿ ಸ್ಟ್ಯಾಂಡ್. ಎರಡೂ ಬೇರೆ ಬೇರೆ ಡಿಸೈನರ್‌ಗಳಿಂದ ಮಾಡಿಸಿದ್ದು, ಅಮೆರಿಕಕ್ಕೂ ಕಳಿಸುವ ಯೋಚನೆ ಇತ್ತು. ಬಿಲ್ಲುಗಳಿದ್ದವು, ವರ್ಗಾವಣೆ ಪತ್ರ ಇರಲಿಲ್ಲ. ಇಡ್ಲಿ ಸ್ಟ್ಯಾಂಡಿನ ಡಿಸೈನರ್ ಮಾರನೇ ವಾರವೇ ಸಹಿ ಹಾಕಿಕೊಟ್ಟರು. ಮಸಾಲೆ ಡಬ್ಬಿ ಈಗಾಗಲೇ ಚೆನ್ನಾಗಿ ಮಾರಾಟವಾಗುತ್ತಿದೆ. ಅದರ ಡಿಸೈನರ್ ಈಗ ಪುಣೆಯಲ್ಲಿದ್ದಾರೆ, ಬರೆದುಕೊಡಲು ಮೊದಲ ಬಿಲ್ಲಿನ ಎರಡರಷ್ಟು ಕೇಳಿದ್ದಾರೆ. ಮಾತುಕತೆ ನಡೆಯುತ್ತಿದೆ. ಡಬ್ಬಿ ಮಾರುಕಟ್ಟೆಗೆ ಬಂದು ಒಂದು ವರ್ಷ ತುಂಬುವ ಮುಂಚೆ ಅದು ಮುಗಿಯಬೇಕು, ಆಮೇಲೆ ಅಮೆರಿಕದ ಬಾಗಿಲೂ ಮುಚ್ಚುತ್ತದೆ.